ಸದ್ದು ತೆಗೆದ ಟಿವಿ, ಕೈಯಲ್ಲೊಂದು ಪೆನ್ಸಿಲು: ಬಳ್ಳಾರಿಯಲ್ಲಿ ಹತ್ತು ಭಾನುವಾರಗಳ ಹೆವಿವೇಟ್ ಕೂಟ

ಜಗತ್ತು ಕಂಡ ಅತಿ ಶ್ರೇಷ್ಠ ಹೆವಿವೇಟ್ ಬಾಕ್ಸರ್ ಯಾರು ಎಂದು ಬಳ್ಳಾರಿಯಲ್ಲಿ ಒಗ್ಗರಣೆ-ಮಿರ್ಚಿಯ ತಟ್ಟೆ ಮುಂದಿಟ್ಟುಕೊಂಡು ಕೇಳಿದರೆ ಸಾಮಾನ್ಯವಾಗಿ ಎರಡೇ ಉತ್ತರ ಬರುತ್ತವೆ: ತಲೆ ನರೆತವರಿಂದ ಮುಹಮ್ಮದ್ ಅಲಿ, ಉಳಿದವರಿಂದ ಮೈಕ್ ಟೈಸನ್. ತಟ್ಟೆ ಖಾಲಿಯಾಗುವಷ್ಟರಲ್ಲಿ ವಾದವೂ ಮುಗಿದಿರುತ್ತದೆ, ಏಕೆಂದರೆ ವಾದಿಸುವವರಲ್ಲಿ ಬಹುಪಾಲು ಜನ ಇಬ್ಬರದೂ ಒಂದೊಂದು ನಿಮಿಷದ ತುಣುಕುಗಳನ್ನು ಮೊಬೈಲಿನಲ್ಲಿ ನೋಡಿರುತ್ತಾರೆಯೇ ಹೊರತು ಒಂದೇ ಒಂದು ಪಂದ್ಯವನ್ನು ಮೊದಲ ಗಂಟೆಯಿಂದ ಕೊನೆಯ ಗಂಟೆಯವರೆಗೆ ಕುಳಿತು ನೋಡಿರುವುದಿಲ್ಲ. ನಾನೂ ಅವರಲ್ಲಿ ಒಬ್ಬನಾಗಿದ್ದೆ. ಕೌಲ್ ಬಜಾರಿನ ಒಂದು ಸಣ್ಣ ಬಾಕ್ಸಿಂಗ್ ಜಿಮ್ಮಿನ ಕೋಚ್ ಈ ವಾದವನ್ನೇ ಹತ್ತು ಭಾನುವಾರಗಳ ಒಂದು ಕೂಟವನ್ನಾಗಿ ಮಾಡಿ, ತಲೆಗೆ 600 ರೂಪಾಯಿ ಶುಲ್ಕ ಇಟ್ಟು ನಡೆಸಿದರು. ಹತ್ತಕ್ಕೆ ಹತ್ತೂ ಭಾನುವಾರ ಹೋಗಿ ಬಂದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ. ಜಿಮ್ಮಿನ ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡರು. ಅಲ್ಲಿರುವುದು ಮೂವತ್ತು ಪ್ಲಾಸ್ಟಿಕ್ ಕುರ್ಚಿಗಳು ಮಾತ್ರ, ಅವೂ ಎಲ್ಲವೂ ನೆಟ್ಟಗಿಲ್ಲ.

ಕೂಟದ ನಿಯಮ ಸರಳ. ಸಂಜೆ ಐದಕ್ಕೆ ಶಟರ್ ಅರ್ಧ ಇಳಿಸಿ, ರಿಂಗಿನ ಪಕ್ಕದ ಗೋಡೆಯ ಮೇಲಿರುವ ದೊಡ್ಡ ಟಿವಿಯಲ್ಲಿ ಒಂದು ಹಳೆಯ ಪಂದ್ಯವನ್ನು ಹಾಕುತ್ತಾರೆ. ಸದ್ದು ಪೂರ್ತಿ ಬಂದ್. ಪ್ರತಿಯೊಬ್ಬರಿಗೂ ಚೌಕ ಎಳೆದ ಒಂದು ಹಾಳೆ ಮತ್ತು ಒಂದು ಪೆನ್ಸಿಲು ಕೊಡುತ್ತಾರೆ. ಸುತ್ತು ಗೆದ್ದವನಿಗೆ 10, ಸೋತವನಿಗೆ 9, ಕೆಳಗೆ ಬಿದ್ದು ಎಣಿಕೆ ತಿಂದಿದ್ದರೆ 8. ಸುತ್ತುಗಳ ನಡುವಿನ ಒಂದು ನಿಮಿಷದಲ್ಲಿ ಅಂಕ ಬರೆಯಬೇಕು, ಪಕ್ಕದವನ ಹಾಳೆ ನೋಡಬಾರದು, ಪಂದ್ಯ ಮುಗಿಯುವ ತನಕ ಯಾರ ಪರವಾಗಿಯೂ ಬಾಯಿ ಬಿಡಬಾರದು. ಕೊನೆಯಲ್ಲಿ ಕೋಚ್ ಎಲ್ಲರ ಹಾಳೆ ಸಂಗ್ರಹಿಸಿ, ಆ ದಿನ ನಿಜವಾದ ತೀರ್ಪುಗಾರರು ಏನು ಬರೆದಿದ್ದರು ಎಂಬುದನ್ನು ಕರಿಹಲಗೆಯ ಮೇಲೆ ಬರೆಯುತ್ತಾರೆ. ಅನಂತರ ಒಗ್ಗರಣೆ-ಮಿರ್ಚಿ, ಚಹಾ, ಮತ್ತು ಒಂದು ಗಂಟೆಯ ಜಗಳ. ಸದ್ದು ಯಾಕೆ ತೆಗೆಯುತ್ತೀರಿ ಎಂದು ಮೊದಲ ದಿನ ಕೇಳಿದಾಗ ಕೋಚ್ ಹೇಳಿದ್ದು ಇಷ್ಟೇ: "ಕಿವಿ ಹೇಳಿದ್ದನ್ನ ಕಣ್ಣು ನೋಡ್ತದ ಸರ್. ಅದಕ್ಕ ಕಿವಿ ಮುಚ್ಚೀವಿ." ವೀಕ್ಷಕ ವಿವರಣೆ ಮತ್ತು ಜನರ ಕೂಗು ಯಾರ ಕಡೆಗೆ ವಾಲಿರುತ್ತವೆಯೋ ನಮ್ಮ ಪೆನ್ಸಿಲೂ ಅತ್ತ ವಾಲುತ್ತದೆ ಎಂಬುದು ನನಗೆ ಏಳನೆಯ ವಾರದ ಹೊತ್ತಿಗೆ ಮನದಟ್ಟಾಯಿತು. ಲೆಕ್ಕಶಾಸ್ತ್ರದ ಪಾಠ ಹೇಳುವ ನನ್ನಂಥವನಿಗೆ ಅಂಕಣ ತುಂಬುವ ಕೆಲಸ ಹಿಡಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ, ಆದರೆ ಎರಡನೆಯ ವಾರಕ್ಕೆ ಜೀನ್ಸ್ ಹೊಲಿಯುವ ಹುಡುಗರೂ ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡೇ ಬರತೊಡಗಿದ್ದರು.

ಮೊದಲ ದಿನ ಪಂದ್ಯ ಹಾಕುವ ಮುನ್ನ ಕೈ ಎತ್ತಿಸಿದರು. ಅರ್ಧಕ್ಕಿಂತ ಹೆಚ್ಚು ಕೈಗಳು ಟೈಸನ್‌ಗೆ ಎದ್ದವು, ನನ್ನದು ಅಲಿಗೆ. ಬಳಿಕ ಹಾಕಿದ್ದು 1988ರ ಜೂನ್ 27ರ ಪಂದ್ಯ. ಅದುವರೆಗೆ ಸೋಲನ್ನೇ ಕಾಣದಿದ್ದ ಮೈಕಲ್ ಸ್ಪಿಂಕ್ಸ್‌ನನ್ನು ಟೈಸನ್ 91 ಸೆಕೆಂಡುಗಳಲ್ಲಿ ಮುಗಿಸಿದ. ಹಾಳೆಯ ಮೊದಲ ಚೌಕವನ್ನೂ ತುಂಬಬೇಕಾಗಲಿಲ್ಲ. ಹುಡುಗರು ಶಿಳ್ಳೆ ಹೊಡೆದದ್ದನ್ನು ಕೋಚ್ ತಡೆಯಲಿಲ್ಲ, ಹೊಸ ಹಾಳೆ ಹಂಚಿ 1990ರ ಫೆಬ್ರವರಿ 11ರ ಟೋಕಿಯೊ ಪಂದ್ಯ ಹಾಕಿದರು. ಬಸ್ಟರ್ ಡಗ್ಲಸ್ ಎಂಬ ಎತ್ತರದ ಆಳು ತನ್ನ ಎಡಗೈ ಜಾಬನ್ನು, ಅಂದರೆ ನೇರ ಚುಚ್ಚೇಟನ್ನು, ಗೂಟದಂತೆ ಮುಂದೆ ನೆಟ್ಟು ಟೈಸನ್‌ನನ್ನು ಹತ್ತಿರ ಬರಗೊಡದೆ, ಸುತ್ತಿನ ಮೇಲೆ ಸುತ್ತು ಹೊಡೆಯುತ್ತಲೇ ಹೋಗುತ್ತಾನೆ. ಎಂಟನೆಯ ಸುತ್ತಿನಲ್ಲಿ ಕೆಳಗಿನಿಂದ ಮೇಲಕ್ಕೆ ಬಂದ ಒಂದು ಅಪ್ಪರ್‌ಕಟ್ ಏಟು ತಿಂದು ಬೀಳುತ್ತಾನೆ, ಏಳುತ್ತಾನೆ, ಹತ್ತನೆಯದರಲ್ಲಿ ಟೈಸನ್‌ನನ್ನು ಮಲಗಿಸುತ್ತಾನೆ. ನಮ್ಮ ಹಾಳೆಗಳಲ್ಲಿ ಒಂದರಲ್ಲೂ ಟೈಸನ್ ಮುಂದಿರಲಿಲ್ಲ. ಆದರೆ ಪಂದ್ಯ ನಿಂತಾಗ ಅಲ್ಲಿನ ಮೂವರು ತೀರ್ಪುಗಾರರಲ್ಲಿ ಒಬ್ಬರು ಟೈಸನ್‌ಗೆ ಒಂದು ಅಂಕದ ಮುನ್ನಡೆ ಕೊಟ್ಟಿದ್ದರು, ಇನ್ನೊಬ್ಬರು ಸಮ ಎಂದಿದ್ದರು. ಆ ನಾಕೌಟ್ ಬೀಳದೇ ಹೋಗಿದ್ದರೆ ಡಗ್ಲಸ್‌ನ ಕಥೆ ಏನಾಗುತ್ತಿತ್ತೋ. 20 ವರ್ಷ 4 ತಿಂಗಳ ವಯಸ್ಸಿಗೇ ಹೆವಿವೇಟ್ ವಿಶ್ವ ಪಟ್ಟ ಗೆದ್ದ ಟೈಸನ್‌ನ ವೇಗವನ್ನು ಯಾರೂ ಅಲ್ಲಗಳೆಯಲಿಲ್ಲ. ತನ್ನನ್ನು ಸೋಲಿಸಿದ ಒಬ್ಬನನ್ನಾದರೂ ಆತ ಮರಳಿ ಸೋಲಿಸಿದ್ದಾನೆಯೇ ಎಂದು ಹಿಂದಿನ ಸಾಲಿನ ಹುಡುಗಿಯೊಬ್ಬಳು ಕೇಳಿದಾಗ ಮಾತ್ರ ಹುಡುಗರ ಬಳಿ ಉತ್ತರವಿರಲಿಲ್ಲ. ಡಗ್ಲಸ್, ಹೋಲಿಫೀಲ್ಡ್, ಲೆನಾಕ್ಸ್ ಲೂಯಿಸ್, ಯಾರೊಬ್ಬರ ಸಾಲವೂ ತೀರಿಲ್ಲ.

ಎರಡು ಮತ್ತು ಮೂರನೆಯ ವಾರ 1930-40ರ ದಶಕಗಳ ಚಾಂಪಿಯನ್ ಜೋ ಲೂಯಿಸ್‌ನದು. ಇಲ್ಲಿ ನನ್ನ ಮೊದಲ ದೂರು ಇದೆ. ನಮಗೆ ತೋರಿಸಿದ ಹಳೆಯ ಪ್ರತಿಗಳಲ್ಲಿ ನಡುನಡುವೆ ಸುತ್ತುಗಳೇ ಇರಲಿಲ್ಲ, ಹೀಗಾಗಿ ಅಂಕ ಬರೆಯುವುದು ಅರೆಬರೆಯಾಯಿತು. ಇದನ್ನು ಮುಂಚೆಯೇ ಹೇಳಿ ಆ ಎರಡು ವಾರಕ್ಕೆ ಬೇರೆ ವಿಧಾನ ಇಡಬಹುದಾಗಿತ್ತು. ಆದರೂ ಆ ಎರಡು ಸಂಜೆಗಳೇ ನನ್ನ ಅಭಿಪ್ರಾಯವನ್ನು ಹೆಚ್ಚು ಅಲುಗಾಡಿಸಿದವು. 1936ರಲ್ಲಿ ತನ್ನನ್ನು ಹನ್ನೆರಡನೆಯ ಸುತ್ತಿನಲ್ಲಿ ಕೆಡವಿದ್ದ ಜರ್ಮನಿಯ ಮ್ಯಾಕ್ಸ್ ಶ್ಮೆಲಿಂಗ್‌ನನ್ನು ಲೂಯಿಸ್ 1938ರ ಜೂನ್ 22ರಂದು ಯಾಂಕೀ ಕ್ರೀಡಾಂಗಣದಲ್ಲಿ 124 ಸೆಕೆಂಡುಗಳಲ್ಲಿ ಮುಗಿಸಿದ್ದನ್ನು ಕೋಚ್ ಮೂರು ಸಲ ಹಾಕಿದರು, ಮೂರನೆಯ ಸಲ ನಿಧಾನಗತಿಯಲ್ಲಿ. ಅಲಿಯ ಹಾಗೆ ಕುಣಿತವಿಲ್ಲ, ಟೈಸನ್‌ನ ಹಾಗೆ ನುಗ್ಗಾಟವಿಲ್ಲ; ಪಾದ ನೆಲಕ್ಕೆ ಅಂಟಿದಂತೆ ಜಾರುತ್ತದೆ, ಕೈ ಗೇಣುದ್ದ ಮಾತ್ರ ಚಲಿಸುತ್ತದೆ, ಎದುರಿನವನ ಮೊಣಕಾಲು ಮಡಚುತ್ತದೆ. ಒಂದೇ ಒಂದು ಅನವಶ್ಯಕ ಚಲನೆಯನ್ನು ನಾನು ಹುಡುಕಿದೆ, ಸಿಗಲಿಲ್ಲ.

ಕೂಟಕ್ಕೆ ಒಬ್ಬ ಹಳೆಯ ಪೈಲ್ವಾನರು ಬರುತ್ತಿದ್ದರು. ಪ್ರಾಯದಲ್ಲಿ ಗರಡಿಯ ಮಣ್ಣು ಮೈಗೆ ಬಳಿದುಕೊಂಡು ಜಾತ್ರೆ ಜಾತ್ರೆ ತಿರುಗಿದವರು. ಅಂಕ ಬರೆಯುವ ಹಾಳೆಯನ್ನು ಅವರು ಮೊದಲ ದಿನವೇ ಹಿಂದಿರುಗಿಸಿದ್ದರು. "ಚಿತ್ ಆದ್ರ ಚಿತ್ ರೀ ಸರ್. ಆಗ್ಲಿಲ್ಲಾಂದ್ರ ಜೋಡಿ ಬಿಡಸ್ತಾರ. ನಡುವ ಈ ಒಂಬತ್ತು ಹತ್ತು ಅಂತ ಏನ್ರೀ ಲೆಕ್ಕ?" ಎಂಬುದು ಅವರ ವಾದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಮನೆಗೆ ಹೋಗಿ ಅದೇ ಅಳತೆಗೋಲನ್ನು ಲೂಯಿಸ್‌ನ ದಾಖಲೆಗೆ ಹಿಡಿದು ನೋಡಿದೆ. 1937ರ ಜೂನ್ 22ರಂದು ಪಟ್ಟ ಗೆದ್ದು 1949ರ ಮಾರ್ಚ್ 1ರಂದು ತಾನಾಗಿ ಬಿಟ್ಟುಕೊಡುವವರೆಗಿನ 11 ವರ್ಷ 8 ತಿಂಗಳಲ್ಲಿ ಆತ 25 ಬಾರಿ ಪಟ್ಟ ಉಳಿಸಿಕೊಂಡ. ಆ ಇಪ್ಪತ್ತೈದರಲ್ಲಿ ಪೂರ್ತಿ ಹದಿನೈದು ಸುತ್ತು ನಡೆದು ತೀರ್ಪಿಗಾಗಿ ಕಾಯಬೇಕಾಗಿ ಬಂದದ್ದು ಮೂರೇ ಸಲ: 1937ರಲ್ಲಿ ಟಾಮಿ ಫಾರ್, 1940ರಲ್ಲಿ ಆರ್ಟುರೊ ಗೊಡಾಯ್, 1947ರಲ್ಲಿ ಜರ್ಸಿ ಜೋ ವಾಲ್ಕಾಟ್. ಗೊಡಾಯ್ ಮತ್ತು ವಾಲ್ಕಾಟ್ ಇಬ್ಬರನ್ನೂ ಮುಂದಿನ ಭೇಟಿಯಲ್ಲಿ ಆತ ತೀರ್ಪಿನವರೆಗೆ ಬರಗೊಡಲಿಲ್ಲ. ಗರಡಿಯ ಮಾತಿನಲ್ಲಿ ಹೇಳುವುದಾದರೆ, ಇವನ ಕುಸ್ತಿಗೆ ಲೆಕ್ಕದ ಹಾಳೆ ಬಹುಮಟ್ಟಿಗೆ ಬೇಕಾಗಿರಲೇ ಇಲ್ಲ.

ಲೂಯಿಸ್‌ನ ವಿರುದ್ಧದ ವಾದವೂ ಬಲವಾದದ್ದೇ, ಅದನ್ನು ಮುಚ್ಚಿಡುವುದು ಸರಿಯಲ್ಲ. ಎದುರಾಳಿಗಳಲ್ಲಿ ಹಲವರು ಸಾಧಾರಣ ಮಟ್ಟದವರು. 1941ರಲ್ಲಿ ಬಿಲ್ಲಿ ಕಾನ್ ಎಂಬವನು ಸುಮಾರು 11 ಕಿಲೊ ಕಡಿಮೆ ತೂಕದವನಾಗಿದ್ದೂ ಹನ್ನೆರಡು ಸುತ್ತುಗಳವರೆಗೆ ಲೂಯಿಸ್‌ನನ್ನು ಕಂಗೆಡಿಸಿ ಮುಂದಿದ್ದ. ಹದಿಮೂರನೆಯದರಲ್ಲಿ ನಾಕೌಟಿಗೇ ಕೈ ಹಾಕಿ ತಾನೇ ಬಿದ್ದ. ವಾಲ್ಕಾಟ್ ಮೊದಲ ಪಂದ್ಯದಲ್ಲಿ ಲೂಯಿಸ್‌ನನ್ನು ಎರಡು ಸಲ ಕೆಳಗೆ ಬೀಳಿಸಿಯೂ ಒಡೆದ ತೀರ್ಪಿನಲ್ಲಿ, ಅಂದರೆ ಮೂವರಲ್ಲಿ ಇಬ್ಬರ ಲೆಕ್ಕದಂತೆ, ಸೋತ. ನಾವು ನೋಡಿದಷ್ಟು ಸುತ್ತುಗಳ ಮಟ್ಟಿಗೆ ನನ್ನ ಹಾಳೆಯಲ್ಲೂ ವಾಲ್ಕಾಟನೇ ಗೆದ್ದಿದ್ದ. ಹನ್ನೊಂದು ಚಿಲ್ಲರೆ ವರ್ಷಗಳ ಲೆಕ್ಕದಲ್ಲಿಯೂ 1942ರ ಮಾರ್ಚ್‌ನಿಂದ 1946ರ ಜೂನ್‌ವರೆಗೆ ಪಟ್ಟದ ಪಂದ್ಯವೇ ನಡೆದಿಲ್ಲ, ಏಕೆಂದರೆ ಆತ ಸೈನ್ಯದಲ್ಲಿದ್ದ. ಒಬ್ಬನ ನಾಲ್ಕು ವರ್ಷಗಳನ್ನು ಯುದ್ಧಕ್ಕೆ ಹೋದದ್ದು ನುಂಗಿದರೆ, ಮುಂದೆ ಇನ್ನೊಬ್ಬನ, ಅಂದರೆ ಅಲಿಯ, ಮೂರೂವರೆ ವರ್ಷಗಳನ್ನು ವಿಯೆಟ್ನಾಂ ಯುದ್ಧಕ್ಕೆ ಹೋಗುವುದಿಲ್ಲ ಎಂದು ನಿಷೇಧಕ್ಕೊಳಗಾದದ್ದು ನುಂಗಿತು.

ನಾಲ್ಕನೆಯ ವಾರ ರಾಕಿ ಮಾರ್ಸಿಯಾನೊ. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಮೊದಲ ಸುತ್ತಿನಲ್ಲೇ ಬಿದ್ದು, ಹನ್ನೆರಡು ಸುತ್ತು ಮುಗಿದಾಗ ಅಂಕದಲ್ಲಿ ಹಿಂದೆ ಉಳಿದು, ಹದಿಮೂರನೆಯದರಲ್ಲಿ ಒಂದೇ ಬಲಗೈ ಏಟಿಗೆ ವಾಲ್ಕಾಟ್‌ನನ್ನು ಹಗ್ಗಕ್ಕೆ ತೂಗುಹಾಕಿ ಪಟ್ಟ ಗೆದ್ದ. 49 ಪಂದ್ಯ, 49 ಗೆಲುವು, ಅದರಲ್ಲಿ 43 ನಾಕೌಟ್. ಪೈಲ್ವಾನರ ಕಣ್ಣು ಹೊಳೆದದ್ದು ಆಗಲೇ. ಚಿತ್ ಆಗದವನು ಎಂದರೆ ಇವನೊಬ್ಬನೇ ಎಂದು ಅವರು ಕೊನೆಯವರೆಗೂ ಜಗ್ಗಲಿಲ್ಲ. ನನಗೆ ಒಪ್ಪಿಗೆಯಾಗಲಿಲ್ಲ. ಮಾರ್ಸಿಯಾನೊನ ತೂಕ ಸುಮಾರು 84 ಕಿಲೊ. ಇಂದಿನ ವೃತ್ತಿಪರ ಬಾಕ್ಸಿಂಗಿನಲ್ಲಿ 90.7 ಕಿಲೊ ದಾಟಿದವರೇ ಹೆವಿವೇಟ್ ಆದ್ದರಿಂದ ಆತ ಈಗ ಒಂದು ವರ್ಗ ಕೆಳಗೆ ಆಡುತ್ತಿದ್ದ. ಪಟ್ಟ ಉಳಿಸಿಕೊಂಡದ್ದೂ ಆರೇ ಸಲ. ಈ ವಾದವನ್ನು ಹಿಂದೊಮ್ಮೆ ಕಂಪ್ಯೂಟರಿಗೂ ಒಪ್ಪಿಸಿದ್ದರು: 1969ರಲ್ಲಿ ನಿವೃತ್ತ ಮಾರ್ಸಿಯಾನೊ ಮತ್ತು ನಿಷೇಧದಲ್ಲಿದ್ದ ಅಲಿ ಇಬ್ಬರನ್ನೂ ಒಂದೇ ರಿಂಗಿನಲ್ಲಿ ನಿಲ್ಲಿಸಿ ಚಿತ್ರೀಕರಿಸಿ, ಮುಂದಿನ ಜನವರಿಯಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಮಾರ್ಸಿಯಾನೊ ಹದಿಮೂರನೆಯ ಸುತ್ತಿನಲ್ಲಿ ಗೆದ್ದಂತೆ ತೋರಿಸಿದರು. ಅದನ್ನು ನೋಡಲು ಮಾರ್ಸಿಯಾನೊ ಬದುಕಿರಲಿಲ್ಲ. 1969ರ ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಮುಂದಿನ ಮೂರು ವಾರ ಅಲಿಯವು, ಇಡೀ ಕೂಟದಲ್ಲಿ ಅತ್ಯಂತ ಚೆನ್ನಾಗಿ ಜೋಡಿಸಿದ ಭಾಗವೂ ಇದೇ. 1971ರ ಮಾರ್ಚ್ 8ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಜೋ ಫ್ರೇಜರ್ ಪಕ್ಕದಿಂದ ಬೀಸಿದ ಎಡ ಹುಕ್‌ಗೆ ಹದಿನೈದನೆಯ ಸುತ್ತಿನಲ್ಲಿ ಅಲಿ ಬಿದ್ದು ಎದ್ದ ಪಂದ್ಯದ ಬಗ್ಗೆ ನಮ್ಮ ಹಾಳೆಗಳಿಗೂ ತೀರ್ಪುಗಾರರಿಗೂ ಭಿನ್ನಾಭಿಪ್ರಾಯವಿರಲಿಲ್ಲ: ಫ್ರೇಜರ್. 1974ರ ಅಕ್ಟೋಬರ್ 30ರ ಕಿನ್ಶಾಸಾ ಪಂದ್ಯ ಮಾತ್ರ ನನಗೆ ಹೊಸದಾಗಿ ಕಾಣಿಸಿತು. 40 ಪಂದ್ಯಗಳಲ್ಲಿ ಸೋಲೇ ಇಲ್ಲದ ಜಾರ್ಜ್ ಫೋರ್‌ಮನ್‌ನ ಏಟುಗಳನ್ನು ಅಲಿ ಹಗ್ಗಕ್ಕೆ ಒರಗಿ ಏಳು ಸುತ್ತು ತಿಂದು, ಎಂಟನೆಯದರಲ್ಲಿ ತಿರುಗಿ ಹೊಡೆದ ಎಂಬುದು ನಾವು ಕೇಳಿ ಬೆಳೆದ ಕಥೆ. ಸದ್ದು ತೆಗೆದು ಸುತ್ತು ಸುತ್ತಾಗಿ ಬರೆದುಕೊಂಡು ಹೋದಾಗ ತಿಳಿದದ್ದು, ಒರಗಿ ನಿಂತಿದ್ದಾಗಲೂ ಸ್ವಚ್ಛವಾದ ಏಟುಗಳು ಬೀಳುತ್ತಿದ್ದದ್ದು ಫೋರ್‌ಮನ್‌ನ ಮುಖಕ್ಕೆ. ಪಂದ್ಯ ನಿಂತಾಗ ಮೂವರ ಹಾಳೆಯಲ್ಲೂ ಅಲಿಯೇ ಮುಂದಿದ್ದ. ಅದು ಸಹನೆಯೊಂದರಿಂದಲೇ ಗೆದ್ದ ಪಂದ್ಯವಲ್ಲ, ಲೆಕ್ಕದಲ್ಲೂ ಗೆಲ್ಲುತ್ತಿದ್ದ ಪಂದ್ಯ.

ಏಳನೆಯ ವಾರ ಅದರ ತಿರುಗುಮುರುಗು. 1976ರ ಸೆಪ್ಟೆಂಬರ್ 28, ಯಾಂಕೀ ಕ್ರೀಡಾಂಗಣ, ಅಲಿ ಮತ್ತು ಕೆನ್ ನಾರ್ಟನ್ ನಡುವಣ ಮೂರನೆಯ ಪಂದ್ಯ. 1973ರಲ್ಲಿ ಅಲಿಯ ದವಡೆ ಮುರಿದಿದ್ದವನು ಈ ನಾರ್ಟನ್. ಹದಿನೈದು ಸುತ್ತು ಮುಗಿದಾಗ ನನ್ನ ಹಾಳೆಯಲ್ಲಿ ನಾರ್ಟನ್ ಎರಡು ಸುತ್ತು ಮುಂದಿದ್ದ. ಅಲಿಯ ಅಭಿಮಾನಿಯಾದ ನಾನು ರಬ್ಬರ್ ಹಿಡಿದು ಒಂದು ಕ್ಷಣ ಯೋಚಿಸಿದ್ದುಂಟು, ಅಳಿಸಲಿಲ್ಲ. ಹೆಚ್ಚಿನ ಹಾಳೆಗಳದೂ ಅದೇ ಮಾತು. ಕರಿಹಲಗೆಯ ಮೇಲೆ ಕೋಚ್ ಬರೆದದ್ದು: ಮೂವರೂ ಅಲಿಗೆ, ಸುತ್ತುಗಳ ಲೆಕ್ಕದಲ್ಲಿ ಇಬ್ಬರು 8-7, ಒಬ್ಬರು 8-6 ಮತ್ತು ಒಂದು ಸಮ. ಕೊನೆಯ ಸುತ್ತಿಗೆ ಮುನ್ನ ಇಬ್ಬರ ಹಾಳೆಗಳು 7-7 ಇದ್ದವು, ಆ ಕೊನೆಯ ಸುತ್ತನ್ನು ಮೂವರೂ ಅಲಿಗೇ ಕೊಟ್ಟರು. ನಮ್ಮ ನಡುವೆ ಅಲಿಯನ್ನು ಕಣ್ಣಾರೆ ಕಂಡ ಒಬ್ಬರಿದ್ದರು. ಬಳ್ಳಾರಿ 1953ರವರೆಗೆ ಮದರಾಸು ಪ್ರಾಂತ್ಯದಲ್ಲೇ ಇದ್ದುದರಿಂದ ಹಲವು ಹಳೆಯ ಮನೆತನಗಳಿಗೆ ಅಲ್ಲಿ ಈಗಲೂ ಬಂಧುಬಳಗವಿದೆ. 1980ರಲ್ಲಿ ಅಲಿ ಮದರಾಸಿಗೆ ಬಂದು ಜಿಮ್ಮಿ ಎಲಿಸ್ ಜೊತೆ ಪ್ರದರ್ಶನ ಪಂದ್ಯವಾಡಿದಾಗ ಇವರು ಚಿಕ್ಕಪ್ಪನ ಮನೆಯಲ್ಲಿ ಉಳಿದು ನೋಡಿ ಬಂದಿದ್ದರಂತೆ. ಆ ದಿನ ಅವರು ಕೊಟ್ಟ ಹಾಳೆಯಲ್ಲಿ ಹದಿನಾಲ್ಕು ಸುತ್ತು ತುಂಬಿತ್ತು, ಹದಿನೈದನೆಯ ಚೌಕ ಖಾಲಿಯಿತ್ತು. ಕೋಚ್ ಏನೂ ಕೇಳದೆ ಅದನ್ನು ಕಟ್ಟಿಗೆ ಸೇರಿಸಿದರು.

ಎಂಟನೆಯ ವಾರ ಲ್ಯಾರಿ ಹೋಮ್ಸ್. ಪಾಪ, ಈ ಮನುಷ್ಯನನ್ನು ಜನ ನೆನಪಿಡುವುದು 1980ರಲ್ಲಿ 38 ವರ್ಷದ ಅಲಿಯನ್ನು ಹತ್ತು ಸುತ್ತು ಬಡಿದವನು ಎಂದಷ್ಟೇ. 1978ರಲ್ಲಿ ಅದೇ ನಾರ್ಟನ್ ಎದುರು ಆತ ಪಟ್ಟ ಗೆದ್ದದ್ದು 143-142, 143-142, 142-143ರ ಅಂತರದಿಂದ, ಅದೂ ಹದಿನೈದನೆಯ ಸುತ್ತನ್ನು ಇಬ್ಬರೂ ನಿಂತಲ್ಲೇ ನಿಂತು ಹೊಡೆದಾಡಿದ ಮೇಲೆ. ಆ ಎಡಗೈ ಜಾಬಿನಷ್ಟು ಅಚ್ಚುಕಟ್ಟಾದ ಜಾಬನ್ನು ಇಡೀ ಹತ್ತು ವಾರಗಳಲ್ಲಿ ನಾನು ನೋಡಲಿಲ್ಲ. 48 ಗೆಲುವುಗಳವರೆಗೆ ಸೋಲಿಲ್ಲದೆ ಹೋಗಿ, ಮಾರ್ಸಿಯಾನೊನ 49ಕ್ಕೆ ಒಂದು ಬಾಕಿ ಇರುವಾಗ 1985ರಲ್ಲಿ ಮೈಕಲ್ ಸ್ಪಿಂಕ್ಸ್‌ಗೆ ಸೋತ. ಕೋಚ್ ಅವರ ಆಯ್ಕೆ ಹೋಮ್ಸ್ ಎಂಬುದು ಅವರು ಬಾಯಿ ಬಿಡದಿದ್ದರೂ ಎಲ್ಲರಿಗೂ ಗೊತ್ತಾಗಿತ್ತು.

ಒಂಬತ್ತನೆಯ ವಾರದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. 1999ರ ಮಾರ್ಚ್‌ನಲ್ಲಿ ಹೋಲಿಫೀಲ್ಡ್ ಎದುರು ಲೆನಾಕ್ಸ್ ಲೂಯಿಸ್ ಸ್ಪಷ್ಟವಾಗಿ ಗೆದ್ದ ಪಂದ್ಯವನ್ನು ಸಮ ಎಂದು ಸಾರಲಾಯಿತು, ಒಬ್ಬ ತೀರ್ಪುಗಾರರಂತೂ ಹೋಲಿಫೀಲ್ಡನೇ ಗೆದ್ದನೆಂದು ಬರೆದಿದ್ದರು. ನಮ್ಮಲ್ಲಿ ಯಾರಿಗೂ ಹಾಗೆ ಅನ್ನಿಸಲಿಲ್ಲ. ಆ ದಿನ ಎರಡು ಸಲ ಕರೆಂಟ್ ಹೋಯಿತು, ಜಿಮ್ಮಿನಲ್ಲಿ ಇನ್ವರ್ಟರ್ ಇಲ್ಲ, ಬಳ್ಳಾರಿಯ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಮೂವತ್ತು ಜನ ಕತ್ತಲಲ್ಲಿ ಕುಳಿತು ಬೆವರುವುದಕ್ಕೆ ಶುಲ್ಕ ಕೊಡಬೇಕಾಗಿಲ್ಲ. ಕೊನೆಯ ವಾರ 2024ರ ಮೇ 18ರ ರಿಯಾದ್ ಪಂದ್ಯ. 191 ಸೆಂಟಿಮೀಟರ್ ಎತ್ತರದ, ಉಕ್ರೇನಿನ ಒಲೆಕ್ಸಾಂಡರ್ ಉಸಿಕ್ 206 ಸೆಂಟಿಮೀಟರ್ ಎತ್ತರದ, ಬ್ರಿಟನ್ನಿನ ಟೈಸನ್ ಫ್ಯೂರಿಯನ್ನು ಒಂಬತ್ತನೆಯ ಸುತ್ತಿನಲ್ಲಿ ಹಗ್ಗದಿಂದ ಹಗ್ಗಕ್ಕೆ ಓಡಿಸಿ, ಒಡೆದ ತೀರ್ಪಿನಲ್ಲಿ ಗೆದ್ದ. ಇಂದಿನ ದೈತ್ಯರ ಎದುರು ಹಳಬರು ನಿಲ್ಲುತ್ತಿರಲಿಲ್ಲ ಎಂಬ ವಾದಕ್ಕೆ ಉಸಿಕ್‌ನ ಪಾದಗಳು ಕೊಟ್ಟ ಉತ್ತರ ನನಗೆ ಸಾಕೆನಿಸಿತು.

ಮತ್ತೆ ಕೈ ಎತ್ತಿಸಿದಾಗ ಮೈಕ್ ಟೈಸನ್‌ಗೆ ಎದ್ದದ್ದು ಮೂರೋ ನಾಲ್ಕೋ ಕೈ. ಅಲಿಗೆ ಎಲ್ಲರಿಗಿಂತ ಹೆಚ್ಚು ಬಂದವು, ಅದು ನ್ಯಾಯವೇ. ಅಲಿಗಿಂತ ಮೊದಲು ಪಟ್ಟದಲ್ಲಿದ್ದ ಸನ್ನಿ ಲಿಸ್ಟನ್, ಆಮೇಲೆ ಫ್ರೇಜರ್, ಫೋರ್‌ಮನ್, ಈ ಮೂವರನ್ನೂ ಗೆದ್ದವನು ಬೇರೆ ಯಾರೂ ಇಲ್ಲ. ನನ್ನ ಕೈ ಜೋ ಲೂಯಿಸ್‌ಗೆ ಎದ್ದಿತು. ಎದುರಾಳಿಗಳ ಪಟ್ಟಿಯಲ್ಲಿ ಅಲಿ ದೊಡ್ಡವನು ಎಂದು ಒಪ್ಪುತ್ತಲೇ, ನಾರ್ಟನ್‌ನ ಹಾಳೆಯನ್ನು ಬರೆದ ಕೈಯಿಂದ ಅಲಿಗೆ ಮತ ಹಾಕುವುದು ನನಗೆ ಕಷ್ಟವಾಯಿತು. ತೀರ್ಪುಗಾರರ ಪೆನ್ಸಿಲಿಗೆ ಅತಿ ಕಡಿಮೆ ಕೆಲಸ ಕೊಟ್ಟವನೇ ನನ್ನ ಪಾಲಿಗೆ ಮೇಲು. ಮದರಾಸಿಗೆ ಹೋಗಿ ಬಂದವರು ಯಾರಿಗೂ ಕೈ ಎತ್ತಲಿಲ್ಲ.

ಸೇವೆಯಾಗಿ ನೋಡಿದರೆ 600 ರೂಪಾಯಿಗೆ ಇದು ಅಗ್ಗ. ತೋರಣಗಲ್ಲಿನ ವಿಜಯನಗರದಲ್ಲಿ 2018ರಿಂದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಎಂಬ ಕ್ರೀಡಾ ತರಬೇತಿ ಕೇಂದ್ರ ನಡೆಯುತ್ತಿದೆ, 2021ರ ಸೆಪ್ಟೆಂಬರ್‌ನಲ್ಲಿ ಪುರುಷರ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್‌ಶಿಪ್ ಅಲ್ಲೇ ಆಯಿತು. ಆದ್ದರಿಂದ ನಮ್ಮ ಜಿಲ್ಲೆಯ ಹುಡುಗರಿಗೆ ಬಾಕ್ಸಿಂಗ್ ಹೊಸದಲ್ಲ. ಆದರೆ ಅವರು ಕಂಡಿರುವುದು ಮೂರು ಸುತ್ತಿನ ಆಟವನ್ನು, ಹದಿನೈದು ಸುತ್ತಿನಲ್ಲಿ ಮನುಷ್ಯ ಏನಾಗುತ್ತಾನೆ ಎಂಬುದನ್ನು ಈ ಕೂಟದ ಹೊರಗೆ ತೋರಿಸುವವರು ಇಲ್ಲಿ ಯಾರೂ ಇಲ್ಲ. ಕೊರತೆಗಳಿವೆ: ಜ್ಯಾಕ್ ಜಾನ್ಸನ್‌ಗೆ ಒಂದು ವಾರವೂ ಇರಲಿಲ್ಲ, 1908ರಲ್ಲಿ ಸಿಡ್ನಿಯಲ್ಲಿ ಟಾಮಿ ಬರ್ನ್ಸ್‌ನನ್ನು ಗೆದ್ದು ಹೆವಿವೇಟ್ ಪಟ್ಟಕ್ಕೇರಿದ ಮೊದಲ ಕಪ್ಪು ಬಾಕ್ಸರನನ್ನು ಬಿಟ್ಟು ಈ ಚರ್ಚೆ ನಡೆಸಿದ್ದು ತಪ್ಪು. 45ನೆಯ ವಯಸ್ಸಿನಲ್ಲಿ ಮತ್ತೆ ಪಟ್ಟ ಗೆದ್ದ ಫೋರ್‌ಮನ್‌ನ 1994ರ ರಾತ್ರಿಯನ್ನೂ ಬಿಟ್ಟರು. ಮಿರ್ಚಿ ಐದು ವಾರ ಬಿಸಿಯಾಗಿತ್ತು, ಐದು ವಾರ ಆರಿತ್ತು.

ದಸರೆ ಮುಗಿದ ಮೇಲೆ ಎರಡನೆಯ ಸರಣಿ ಶುರುವಾಗುತ್ತದೆ, ಜಾನ್ಸನ್‌ನಿಂದಲೇ ಆರಂಭ ಎಂದು ಕೋಚ್ ಮಾತು ಕೊಟ್ಟಿದ್ದಾರೆ. ಇನ್ವರ್ಟರ್ ಬಗ್ಗೆ ಕೇಳಿದರೆ ನಕ್ಕು ಸುಮ್ಮನಾದರು. ನಾನು ಮುಂಗಡ ಕೊಟ್ಟು ಗೋಡೆ ಬದಿಯ, ನಾಲ್ಕೂ ಕಾಲು ಸಮನಾಗಿರುವ ಕುರ್ಚಿಯ ಹಿಂಬದಿಗೆ ಹೆಸರು ಬರೆದು ಬಂದಿದ್ದೇನೆ.